ಲಿನಕ್ಸ್‌ನಲ್ಲಿ ಡಾರ್ಕ್‌ಟೇಬಲ್: ಮೊದಲು ಗ್ರಾಫಿಕ್ಸ್ ಕಾರ್ಡ್ ಪರೀಕ್ಷಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ

ಪರದೆ ಸ್ವಚ್ಛವಾಗಿದೆ, ವಿಡಿಯೊ ತಡವರಿಸದೆ ಓಡುತ್ತದೆ ಎಂದಮಾತ್ರಕ್ಕೆ ಡಾರ್ಕ್‌ಟೇಬಲ್‌ನಂಥ ಫೋಟೊ ಎಡಿಟಿಂಗ್ ತಂತ್ರಾಂಶವೂ ಗ್ರಾಫಿಕ್ಸ್ ಕಾರ್ಡನ್ನು ಬಳಸುತ್ತಿದೆ ಎಂದುಕೊಳ್ಳಬೇಡಿ. ಪರದೆಗೆ ಚಿತ್ರ ತರಲು ಓಪನ್‌ಜಿಎಲ್ ಸಾಕು. ರಾ ಫೈಲಿನ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರದ) ಲೆಕ್ಕಾಚಾರವನ್ನು ಕಾರ್ಡಿಗೆ ವಹಿಸಲು ಡಾರ್ಕ್‌ಟೇಬಲ್‌ಗೆ ಬೇಕಾಗುವುದು ಓಪನ್‌ಸಿಎಲ್. ಇದು ಸಾಮಾನ್ಯವಾಗಿ ಬೇರೆಯೇ ಪ್ಯಾಕೇಜಿನಲ್ಲಿರುತ್ತದೆ, ಎಷ್ಟೋ ಡಿಸ್ಟ್ರೊಗಳಲ್ಲಿ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪಗಳಲ್ಲಿ) ತಾನಾಗಿ ಬರುವುದಿಲ್ಲ. ಇನ್ನೊಂದು ರಾ ತಂತ್ರಾಂಶವಾದ ರಾಥೆರಪಿ ಪೂರ್ತಿ ಸಿಪಿಯು ಮೇಲೆಯೇ ಕೆಲಸ ಮಾಡುತ್ತದೆ. ಚಿತ್ರ ತಿದ್ದುವ ಗಿಂಪ್, ಫೋಟೊ ಜೋಡಿಸಿಡುವ ಡಿಜಿಕ್ಯಾಮ್‌ಗಳದ್ದೂ ಬಹುಪಾಲು ಹಾಗೆಯೇ. ಅವಷ್ಟೇ ಸಾಕು ಎನ್ನುವವರು ಕಾರ್ಡಿನ ಚಿಂತೆ ಬಿಟ್ಟು ನೇರವಾಗಿ ಇನ್‌ಸ್ಟಾಲ್ ಭಾಗಕ್ಕೆ ಹೋಗಬಹುದು.

ಇಲ್ಲಿ ಕನ್ನಡ ಲಿಪಿಯಲ್ಲಿರುವ ಕಮಾಂಡುಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.

ಯಾವ ಕಾರ್ಡ್, ಯಾವ ಡ್ರೈವರ್?

ಮೊದಲು "ಎಲ್‌ಎಸ್‌ಪಿಸಿಐ -ಕೆ" ಓಡಿಸಿ. ಉದ್ದನೆಯ ಪಟ್ಟಿಯಲ್ಲಿ "ವಿಜಿಎ" ಅಥವಾ "3ಡಿ ಕಂಟ್ರೋಲರ್" ಎಂದಿರುವ ಸಾಲು ಹುಡುಕಿ, ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಮುಂದೆ ಏನಿದೆ ನೋಡಿ. ಇಂಟೆಲ್‌ಗೆ ಐ915 (ತೀರಾ ಹೊಸ ಚಿಪ್‌ಗಳಲ್ಲಿ ಎಕ್ಸ್‌ಇ), ಎಎಮ್‌ಡಿಗೆ ಎಎಮ್‌ಡಿಜಿಪಿಯು, ಎನ್‌ವಿಡಿಯಾಗೆ ಎನ್‌ವಿಡಿಯಾ ಎಂದೇ ಇದ್ದರೆ ಸರಿ. ಎನ್‌ವಿಡಿಯಾ ಕಾರ್ಡಿಗೆ "ನೂವೊ" ಎಂದು ಬಂದರೆ ಮುಕ್ತ ಡ್ರೈವರ್ ಓಡುತ್ತಿದೆ ಎಂದರ್ಥ. ದಿನನಿತ್ಯದ ಬಳಕೆಗೆ ಅದು ಸಾಕು, ಡಾರ್ಕ್‌ಟೇಬಲ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಕಾರ್ಡ್ ಕಂಡರೆ ಗಾಬರಿ ಬೇಡ. ಪರದೆಯನ್ನು ಇಂಟೆಲ್ ನಡೆಸಿದರೂ ಓಪನ್‌ಸಿಎಲ್ ಲೆಕ್ಕವನ್ನು ಎನ್‌ವಿಡಿಯಾ ಮಾಡಬಲ್ಲದು.

ನಂತರ ಮೆಸಾ-ಯುಟಿಲ್ಸ್ ಪ್ಯಾಕೇಜ್ (ಫೆಡೋರಾದಲ್ಲಿ ಜಿಎಲ್‌ಎಕ್ಸ್-ಯುಟಿಲ್ಸ್) ಹಾಕಿಕೊಂಡು "ಜಿಎಲ್‌ಎಕ್ಸ್‌ಇನ್ಫೋ -ಬಿ" ಓಡಿಸಿ (ಇದರ ಬಿ ಮಾತ್ರ ದೊಡ್ಡಕ್ಷರ). ರೆಂಡರರ್ ಸಾಲಿನಲ್ಲಿ "ಎಲ್‌ಎಲ್‌ವಿಎಮ್‌ಪೈಪ್" ಎಂದಿದ್ದರೆ ಚಿತ್ರವನ್ನೂ ಸಿಪಿಯುವೇ ಬಿಡಿಸುತ್ತಿದೆ. ಡ್ರೈವರ್ ಸರಿಪಡಿಸುವವರೆಗೆ ಮುಂದಿನ ಹೆಜ್ಜೆ ಇಡಬೇಡಿ.

ಎನ್‌ವಿಡಿಯಾ ಡ್ರೈವರ್ ಹಾಕಲು ಉಬುಂಟುವಿನಲ್ಲಿ "ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್" ಸಾಕು. ಫೆಡೋರಾದಲ್ಲಿ ಆರ್‌ಪಿಎಮ್ ಫ್ಯೂಷನ್ ರೆಪೊಸಿಟರಿ (ಪ್ಯಾಕೇಜುಗಳ ಆನ್‌ಲೈನ್ ಭಂಡಾರ) ಸೇರಿಸಿ "ಎಕೆಮಾಡ್-ಎನ್‌ವಿಡಿಯಾ" ಹಾಕಬೇಕು. ಅಲ್ಲಿ ಅವಸರ ಮಾಡಿದರೆ ಕೆಡುತ್ತದೆ: ಪ್ಯಾಕೇಜ್ ಇಳಿದ ಮೇಲೂ ಕರ್ನಲ್ ಮಾಡ್ಯೂಲ್ (ಲಿನಕ್ಸ್‌ನ ತಿರುಳಿಗೆ ಸೇರುವ ಡ್ರೈವರ್ ಭಾಗ) ಹಿನ್ನೆಲೆಯಲ್ಲಿ ಕಂಪೈಲ್ ಆಗುತ್ತಿರುತ್ತದೆ. "ಮಾಡ್‌ಇನ್ಫೋ -ಎಫ್ ವರ್ಷನ್ ಎನ್‌ವಿಡಿಯಾ" (ಎಫ್ ದೊಡ್ಡಕ್ಷರ) ಆವೃತ್ತಿ ಸಂಖ್ಯೆ ತೋರಿಸಿದ ಮೇಲಷ್ಟೇ ರೀಬೂಟ್ ಮಾಡಿ.

ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ವೇಳೆ ಬಿಡುವ ಭದ್ರತಾ ವ್ಯವಸ್ಥೆ) ಆನ್ ಇದ್ದರೆ ಇನ್ನೊಂದು ಕಟ್ಟೆ ದಾಟಬೇಕು. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್‌ಸ್ಟಾಲ್ ವೇಳೆ ಪಾಸ್‌ವರ್ಡ್ ಕೇಳಿದರೆ ಬರೆದಿಟ್ಟುಕೊಳ್ಳಿ. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ "ಎನ್‌ರೋಲ್ ಎಮ್‌ಒಕೆ" (ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ ಆ ಪಾಸ್‌ವರ್ಡನ್ನೇ ಕೊಡಿ. ಆ ಪರದೆ ಕೆಲವೇ ಸೆಕೆಂಡು ಕಾದು ಹೊರಟುಹೋಗುತ್ತದೆ. ಅದು ತಪ್ಪಿಹೋದರೆ "ಎನ್‌ವಿಡಿಯಾ-ಎಸ್‌ಎಮ್‌ಐ" ಕಮಾಂಡ್ ಡ್ರೈವರ್ ಜೊತೆ ಮಾತಾಡಲಾಗುತ್ತಿಲ್ಲ ಎನ್ನುತ್ತದೆ, ಜನ ಡ್ರೈವರನ್ನೇ ಮತ್ತೆ ಮತ್ತೆ ಹಾಕುತ್ತ ಕೂರುತ್ತಾರೆ. ತೊಂದರೆ ಇರುವುದು ಕೀಲಿಯಲ್ಲಿ, ಡ್ರೈವರಿನಲ್ಲಲ್ಲ.

ಓಪನ್‌ಸಿಎಲ್ ಇದೆಯೇ?

"ಸಿಎಲ್‌ಇನ್ಫೋ" ಪ್ಯಾಕೇಜ್ ಹಾಕಿ ಅದೇ ಹೆಸರಿನ ಕಮಾಂಡ್ ಓಡಿಸಿ. ಮೊದಲ ಸಾಲಿನಲ್ಲಿ ಪ್ಲಾಟ್‌ಫಾರ್ಮ್‌ಗಳ ಸಂಖ್ಯೆ 0 ಎಂದಿದ್ದರೆ ಓಪನ್‌ಸಿಎಲ್ ಡ್ರೈವರೇ ಇಲ್ಲ. ಡೆಬಿಯನ್, ಉಬುಂಟುವಿನಲ್ಲಿ ಇಂಟೆಲ್‌ಗೆ "ಇಂಟೆಲ್-ಓಪನ್‌ಸಿಎಲ್-ಐಸಿಡಿ" ಹಾಕಿ. ಎಎಮ್‌ಡಿಯದು ಸ್ವಲ್ಪ ತೊಡಕಿನದು. ಒಂದು ದಾರಿ ಎಎಮ್‌ಡಿಯದೇ ತಂತ್ರಾಂಶವಾದ ಆರ್‌ಒಸಿಎಮ್, ಅದು ಎಲ್ಲ ಕಾರ್ಡುಗಳನ್ನೂ ಬೆಂಬಲಿಸುವುದಿಲ್ಲ. ಇನ್ನೊಂದು ಮೆಸಾ (ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹ) ಕೊಡುವ ರಸ್ಟಿಸಿಎಲ್. ಅದಕ್ಕೆ "ಮೆಸಾ-ಓಪನ್‌ಸಿಎಲ್-ಐಸಿಡಿ" ಹಾಕಿ, "ರಸ್ಟಿಸಿಎಲ್_ಎನೇಬಲ್=ರೇಡಿಯಾನ್‌ಎಸ್‌ಐ" ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ತಂತ್ರಾಂಶಕ್ಕೆ ಮೊದಲೇ ತಿಳಿಸುವ ಸೆಟ್ಟಿಂಗ್) ಕೊಡಬೇಕು (ಸಮ ಚಿಹ್ನೆಯ ಎಡಭಾಗ ಪೂರ್ತಿ ದೊಡ್ಡಕ್ಷರ). ಇದನ್ನು ಕೊಡದಿದ್ದರೆ ಪ್ಲಾಟ್‌ಫಾರ್ಮ್ (ಓಪನ್‌ಸಿಎಲ್ ಡ್ರೈವರ್) ಕಂಡರೂ ಡಿವೈಸ್ (ಅಂದರೆ ಕಾರ್ಡ್) ಕಾಣದೇ ಹೋಗಬಹುದು. ಮೆಸಾದ ಹಳೆಯ ಕ್ಲೋವರ್ ನಂಬಬೇಡಿ. ಡಾರ್ಕ್‌ಟೇಬಲ್‌ಗೆ ಬೇಕಾದ ಇಮೇಜ್ ಬೆಂಬಲ ಅದರಲ್ಲಿಲ್ಲ. ಹಾಗಾಗಿ ಸಿಎಲ್‌ಇನ್ಫೋ ಫಲಿತಾಂಶದಲ್ಲಿ "ಇಮೇಜ್ ಸಪೋರ್ಟ್" ಮುಂದೆ "ಯೆಸ್" ಇದೆಯೇ ನೋಡಿ. ಕಾರ್ಡಿನ ಮೆಮೊರಿ ಕನಿಷ್ಠ 1 ಜಿಬಿ ಬೇಕು, 4 ಜಿಬಿ ಇದ್ದರೆ ನೆಮ್ಮದಿ.

ಡ್ರೈವರ್ ಇದ್ದೂ ಡಿವೈಸ್ 0 ಎಂದು ಬಂದರೆ ಅನುಮತಿ ನೋಡಿ. ಬಳಕೆದಾರರು "ರೆಂಡರ್" ಮತ್ತು "ವಿಡಿಯೊ" ಗುಂಪುಗಳಲ್ಲಿರಬೇಕಾಗಬಹುದು. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಎನ್‌ವಿಡಿಯಾ ಲ್ಯಾಪ್‌ಟಾಪ್‌ಗಳಲ್ಲಿ ಸಸ್ಪೆಂಡ್‌ನಿಂದ ಎದ್ದ ಮೇಲೆ ಮಾತ್ರ ಓಪನ್‌ಸಿಎಲ್ ಮಾಯವಾಗುವುದುಂಟು. ಆಗ ಡಾರ್ಕ್‌ಟೇಬಲ್ ಮುಚ್ಚಿ, "ಸುಡೊ ಆರ್‌ಎಮ್‌ಮಾಡ್ ಎನ್‌ವಿಡಿಯಾ_ಯುವಿಎಮ್", ಬಳಿಕ "ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ_ಯುವಿಎಮ್" ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್‌ಸ್ಟಾಲ್

ಉಬುಂಟು, ಡೆಬಿಯನ್‌ಗಳಲ್ಲಿ "ಸುಡೊ ಆಪ್ಟ್ ಇನ್‌ಸ್ಟಾಲ್ ಡಾರ್ಕ್‌ಟೇಬಲ್"; ಫೆಡೋರಾದಲ್ಲಿ ಆಪ್ಟ್ ಬದಲು ಡಿಎನ್‌ಎಫ್. ರಾಥೆರಪಿ, ಗಿಂಪ್, ಡಿಜಿಕ್ಯಾಮ್‌ಗಳನ್ನೂ ಹೀಗೆಯೇ ಹಾಕಬಹುದು. ಡಾರ್ಕ್‌ಟೇಬಲ್‌ನ ಹೊಸ ಆವೃತ್ತಿ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುತ್ತದೆ, ಡಿಸ್ಟ್ರೊದ ಸ್ಥಿರ ರೆಪೊಸಿಟರಿಯಲ್ಲಿ ಹಳೆಯದೇ ಉಳಿದಿರುತ್ತದೆ. ಹೊಸ ಕ್ಯಾಮೆರಾದ ರಾ ಫೈಲ್ ತೆರೆಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆಗ ಫ್ಲ್ಯಾಟ್‌ಹಬ್ ಎಂಬ ಆನ್‌ಲೈನ್ ಭಂಡಾರದಿಂದ ಫ್ಲ್ಯಾಟ್‌ಪ್ಯಾಕ್ (ಯಾವ ಡಿಸ್ಟ್ರೊದಲ್ಲೂ ಓಡುವ ಪ್ಯಾಕೇಜ್) ಹಾಕಿ. ಆದರೆ ಫ್ಲ್ಯಾಟ್‌ಪ್ಯಾಕ್ ಒಳಗಿನ ಎನ್‌ವಿಡಿಯಾ ಲೈಬ್ರರಿಯ ಆವೃತ್ತಿ ಹೊರಗಿನ ಡ್ರೈವರಿಗೆ ಹೊಂದಿರಲೇಬೇಕು. ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ "ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್" ಕೂಡ ಕೊಡಿ. ಎಎಮ್‌ಡಿ ಕಾರ್ಡಿನವರಿಗೆ ಡಿಸ್ಟ್ರೊದ ಪ್ಯಾಕೇಜೇ ಕಡಿಮೆ ತಲೆನೋವಿನದು.

ಒಂದು ಎಚ್ಚರಿಕೆ: ಹೊಸ ಆವೃತ್ತಿ ತೆರೆದ ಲೈಬ್ರರಿ ಡೇಟಾಬೇಸನ್ನು ಹಳೆಯ ಆವೃತ್ತಿ ಓದಲಾರದು. ಅಪ್‌ಗ್ರೇಡ್ ಮಾಡುವ ಮುನ್ನ ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ (ಚುಕ್ಕೆಯಿಂದ ಶುರುವಾಗುವ, ಮರೆಯಾಗಿರುವ ಫೋಲ್ಡರ್) ಒಳಗಿನ ಡಾರ್ಕ್‌ಟೇಬಲ್ ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ. ಫೋಟೊ ಪಕ್ಕದ ಎಕ್ಸ್‌ಎಮ್‌ಪಿ ಫೈಲುಗಳನ್ನೂ ಅಳಿಸಬೇಡಿ, ನಿಮ್ಮ ಎಡಿಟಿಂಗ್ ಅವುಗಳಲ್ಲಿಯೂ ದಾಖಲಾಗಿರುತ್ತದೆ.

ಕಾರ್ಡ್ ನಿಜವಾಗಿ ದುಡಿಯುತ್ತಿದೆಯೇ?

"ಡಾರ್ಕ್‌ಟೇಬಲ್-ಸಿಎಲ್‌ಟೆಸ್ಟ್" ಓಡಿಸಿ. ಕೊನೆಯ ಸಾಲುಗಳಲ್ಲಿ ಓಪನ್‌ಸಿಎಲ್ "ಅವೈಲಬಲ್", "ಎನೇಬಲ್ಡ್" ಎಂದಿರಬೇಕು. ಮೊದಲ ಸಲ ಓಪನ್‌ಸಿಎಲ್ ಕರ್ನಲ್‌ಗಳ (ಕಾರ್ಡಿನ ಮೇಲೆ ಓಡುವ ಪುಟ್ಟ ಪ್ರೋಗ್ರಾಮುಗಳ) ಕಂಪೈಲ್ ನಡೆಯುವುದರಿಂದ ತುಸು ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ. ಆಮೇಲೆ ಪ್ರಿಫರೆನ್ಸಸ್‌ನ ಪ್ರೊಸೆಸಿಂಗ್ ವಿಭಾಗದಲ್ಲಿ ಓಪನ್‌ಸಿಎಲ್ ಆಯ್ಕೆಗೆ ಗುರುತು ಬಿದ್ದಿದೆಯೇ ನೋಡಿ.

ಪಕ್ಕಾ ಪರೀಕ್ಷೆಗೆ ತಂತ್ರಾಂಶವನ್ನು ಟರ್ಮಿನಲ್‌ನಿಂದ "ಡಾರ್ಕ್‌ಟೇಬಲ್ -ಡಿ ಪರ್ಫ್" ಎಂದು ತೆರೆದು, ಪ್ರೊಫೈಲ್ಡ್ ಡೀನಾಯ್ಸ್ (ಫೋಟೊದ ನಾಯ್ಸ್ ತಗ್ಗಿಸುವ ಡಾರ್ಕ್‌ಟೇಬಲ್ ಮಾಡ್ಯೂಲ್) ಹಾಕಿದ ಒಂದು ಫೋಟೊ ಎಕ್ಸ್‌ಪೋರ್ಟ್ ಮಾಡಿ. ಪ್ರತಿ ಮಾಡ್ಯೂಲಿನ ಮುಂದೆ ತಗುಲಿದ ಸೆಕೆಂಡುಗಳೂ, ಕೆಲಸ ಸಿಪಿಯುವಿನಲ್ಲಾಯಿತೋ ಜಿಪಿಯುವಿನಲ್ಲಾಯಿತೋ (ಅಂದರೆ ಕಾರ್ಡಿನಲ್ಲಾಯಿತೋ) ಎಂಬುದೂ ಕಾಣುತ್ತದೆ. "-ಡಿ ಓಪನ್‌ಸಿಎಲ್" ಎಂದು ತೆರೆದಾಗ -4 ಎಂಬ ದೋಷಸಂಖ್ಯೆ ಬಂದರೆ ಕಾರ್ಡಿನ ಮೆಮೊರಿ ಸಾಲದಾಗಿದೆ. ಬ್ರೌಸರ್ ಮುಚ್ಚಿ, ರಿಸೋರ್ಸಸ್ ಆಯ್ಕೆಯನ್ನು "ಡಿಫಾಲ್ಟ್"ಗೆ ಇಳಿಸಿ. ಕೊನೆಗೆ ಅದೇ ಫೋಟೊವನ್ನು "ಡಾರ್ಕ್‌ಟೇಬಲ್ --ಡಿಸೇಬಲ್-ಓಪನ್‌ಸಿಎಲ್ -ಡಿ ಪರ್ಫ್" ಎಂದು ತೆರೆದೂ ಎಕ್ಸ್‌ಪೋರ್ಟ್ ಮಾಡಿ ಸಮಯ ಹೋಲಿಸಿ. ಹಳೆಯ ಇಂಟೆಲ್ ಚಿಪ್‌ಗಳಲ್ಲಿ ಸಿಪಿಯುವೇ ಬೇಗ ಮುಗಿಸುವುದುಂಟು. ಹಾಗಿದ್ದಲ್ಲಿ ಓಪನ್‌ಸಿಎಲ್ ಗುರುತು ತೆಗೆದುಬಿಡಿ.