ಒಂದೇ ಪ್ರಾಜೆಕ್ಟ್‌ಗೆ ಐದಾರು ಡೇಟ್ ಇದ್ರೆ ಆಟೋಮ್ಯಾಟಿಕ್ ರಿಮೈಂಡರ್ ಹೆಂಗೆ ಸೆಟ್ ಮಾಡೋದು

ಸಿವಿಲ್ ಕಾಂಟ್ರಾಕ್ಟ್ ಆಫೀಸಲ್ಲಿ ಕೆಲಸ ಮಾಡೋರಿಗೆ ಗೊತ್ತು, ಒಂದು ಸೈಟ್ ಅಂದ್ರೆ ಒಂದೇ ಡೇಟ್ ಅಲ್ಲ. ಬ್ಯಾಂಕ್ ಗ್ಯಾರಂಟಿ (ಬಿಜಿ) ಮುಗಿಯೋ ದಿನ, ಇನ್ಶೂರೆನ್ಸ್ ಪಾಲಿಸಿ ಮುಗಿಯೋ ದಿನ, ಲೇಬರ್ ಲೈಸೆನ್ಸ್ ರಿನ್ಯೂವಲ್, ವರ್ಕ್ ಆರ್ಡರ್ ಪ್ರಕಾರ ಕೆಲಸ ಮುಗಿಸಬೇಕಾದ ದಿನ, ಆಮೇಲೆ ಡಿಎಲ್‌ಪಿ (ಕೆಲಸ ಮುಗಿದ್ಮೇಲೆ ದೋಷ ಕಂಡ್ರೆ ನಾವೇ ಸರಿ ಮಾಡಿಕೊಡಬೇಕಾದ ಅವಧಿ) ಮುಗಿದು ಡಿಪಾಸಿಟ್ ವಾಪಸ್ ಕೇಳೋ ದಿನ. ನಾವು ಇದನ್ನೆಲ್ಲ ಎಕ್ಸೆಲ್ಲಲ್ಲಿ ಸರಿಯಾಗೇ ಬರೆದಿಟ್ಟಿದ್ವಿ, ಆದ್ರೆ ಆ ಫೈಲ್ ದಿನಾ ತೆಗೆದು ನೋಡೋರು ಬೇಕಲ್ಲ, ಒಂದು ಸಲ ಬಿಜಿ ಎಕ್ಸ್‌ಪೈರ್ ಆಗಿ ನಾಲ್ಕು ದಿನ ಆದ್ಮೇಲೆ ಗೊತ್ತಾಯ್ತು, ಆರ್‌ಎ ಬಿಲ್ (ಕೆಲಸ ಆದಷ್ಟಕ್ಕೆ ಆಗಾಗ ಹಾಕೋ ಬಿಲ್) ಅಲ್ಲೇ ನಿಂತ್ಹೋಯ್ತು, ಆ ವಾರ ಕೂಲಿ ಬಟವಾಡೆಗೆ ದುಡ್ಡು ಹೊಂದಿಸೋಕೆ ಪಟ್ಟ ಪಾಡು ಇವತ್ತಿಗೂ ಮರೆತಿಲ್ಲ.

ಈಗ ಮಂಡೇ ಡಾಟ್ ಕಾಮ್ ಅನ್ನೋ ಕೆಲಸ ಟ್ರ್ಯಾಕ್ ಮಾಡೋ ಆನ್‌ಲೈನ್ ಸಾಫ್ಟ್‌ವೇರ್ ಬಳಸ್ತಿದೀವಿ, ಅದನ್ನೇ ಇಟ್ಕೊಂಡು ಹೇಳ್ತೀನಿ. ಆಟೋಮೇಷನ್ ಬೇಕಂದ್ರೆ ಸ್ಟ್ಯಾಂಡರ್ಡ್ ಪ್ಲಾನ್ ಆದ್ರೂ ಬೇಕು, ಫ್ರೀನಲ್ಲಿ ಆಗಲ್ಲ.

ಮೊದ್ಲು ಎಲ್ಲರೂ ಮಾಡೋದು ಏನಂದ್ರೆ ಸೈಟಿಗೆ ಒಂದು ಸಾಲು, ಆ ಸಾಲಲ್ಲಿ ಐದು ಡೇಟ್ ಕಾಲಂ. ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಆಟೋಮೇಷನ್ ಕೇಳೋದು ಕಾಲಂ ಲೆಕ್ಕದಲ್ಲಿ, ಹಂಗಾಗಿ ಐದು ಡೇಟಿಗೆ ಮೂರ್ಮೂರು ರಿಮೈಂಡರ್ ಅಂದ್ರೆ 15 ರೂಲ್ ಬರೀಬೇಕು. ಅದಕ್ಕಿಂತ ದೊಡ್ಡ ತೊಂದ್ರೆ, ಐದು ಡೇಟಿಗೂ ಸೇರಿ ಒಂದೇ ಸ್ಟೇಟಸ್ ಇರುತ್ತೆ, ಪಾಲಿಸಿ ರಿನ್ಯೂ ಆಯ್ತು ಅಂತ ಯಾರೋ ಡನ್ ಒತ್ತಿದ್ರೆ ಬಿಜಿ ರಿಮೈಂಡರ್ರೂ ಅದರ ಜೊತೆಗೇ ಸುಮ್ಮನಾಗುತ್ತೆ.

ಅದಕ್ಕೇ ಒಂದೊಂದು ಡೇಟಿಗೂ ಒಂದೊಂದು ಸಾಲು ಮಾಡಿ. ಐದು ಡೇಟ್ ಇದ್ರೆ ಐದು ಐಟಂ. ಕಾಲಂ ಇಷ್ಟು ಸಾಕು: ಸೈಟ್ ಹೆಸರು, ಯಾವ ಥರದ ಡೇಟ್, ಜವಾಬ್ದಾರಿ ಯಾರದ್ದು (ಇದು ಪೀಪಲ್ ಕಾಲಂ ಆಗಿರ್ಲಿ), ಕೊನೇ ದಿನ, ಕೆಲಸ ಶುರು ಮಾಡೋ ದಿನ, ಸ್ಟೇಟಸ್. ಟ್ರೆಲ್ಲೋ (ಇದೂ ಅಂಥದ್ದೇ ಆ್ಯಪ್) ಬಳಸೋರಿಗೂ ಇದೇ ದಾರಿ ಹೊಂದುತ್ತೆ, ಯಾಕಂದ್ರೆ ಅಲ್ಲಿ ಕಾರ್ಡಿಗೆ ಡ್ಯೂ ಡೇಟ್ ಇರೋದೇ ಒಂದು.

ಕೆಲಸ ಶುರು ಮಾಡೋ ದಿನ ಅಂತ ಬೇರೆ ಕಾಲಂ ಯಾಕೆ ಅಂದ್ರೆ, ಎಲ್ಲ ಡೇಟೂ ಒಂದೇ ಥರ ಅಲ್ಲ. ಪಾಲಿಸಿ ಆದ್ರೆ ದುಡ್ಡು ಕಟ್ಟಿದ್ರೆ ಎರಡು ದಿನದಲ್ಲಿ ಕೈಗೆ ಬರುತ್ತೆ. ಬಿಜಿ ಹಂಗಲ್ಲ, ಬ್ಯಾಂಕಿಗೆ ಲೆಟರ್ ಕೊಡಬೇಕು, ಸ್ಟ್ಯಾಂಪ್ ಪೇಪರ್, ಮಾರ್ಜಿನ್ ದುಡ್ಡು, ಮ್ಯಾನೇಜರ್ ರಜೆ, ಎಲ್ಲ ಮುಗಿಸಿ ಒರಿಜಿನಲ್ ತಗೊಂಡು ಡಿಪಾರ್ಟ್‌ಮೆಂಟಿಗೆ ಮುಟ್ಟಿಸಬೇಕು. ಮೂರು ದಿನ ಮುಂಚೆ ರಿಮೈಂಡರ್ ಬಂದ್ರೆ ತಗೊಂಡು ಏನ್ ಮಾಡೋದು? ನಾವು ಬಿಜಿಗೆ 45 ದಿನ ಮುಂಚೆ, ಪಾಲಿಸಿಗೆ 15 ದಿನ ಮುಂಚೆ ಶುರು ದಿನ ಇಟ್ಟಿದೀವಿ, ಇದನ್ನ ಐಟಂ ಮಾಡುವಾಗ್ಲೇ ಕೈಯಲ್ಲೇ ತುಂಬಿಸ್ತೀವಿ.

ಈಗ ರೂಲ್. ಬೋರ್ಡ್ ಮೇಲ್ಗಡೆ ಆಟೋಮೇಟ್ ಅಂತಿದೆ, ಅದನ್ನ ಒತ್ತಿ ಹೊಸ ಆಟೋಮೇಷನ್ ಶುರು ಮಾಡಿ, ಟ್ರಿಗರ್‌ಗೆ "ವೆನ್ ಡೇಟ್ ಅರೈವ್ಸ್" ತಗೊಂಡು ಕಾಲಂ ಜಾಗದಲ್ಲಿ ಶುರು ದಿನ ಆರಿಸಿ, ಟೈಮ್ ಬೆಳಗ್ಗೆ 9 ಗಂಟೆ ಕೊಡಿ. ಕಂಡೀಷನ್‌ಗೆ ಸ್ಟೇಟಸ್ ಡನ್ ಅಲ್ಲದಿದ್ರೆ ಮಾತ್ರ ಅಂತ ಹಾಕಿ. ಆಕ್ಷನ್‌ಗೆ ನೋಟಿಫೈ, ಯಾರಿಗೆ ಅನ್ನೋ ಕಡೆ ಒಬ್ಬರ ಹೆಸರು ಹಾಕ್ಬೇಡಿ, ಪೀಪಲ್ ಕಾಲಂ ಆರಿಸಿ, ಆಗ ಆ ಸಾಲಿನ ಜವಾಬ್ದಾರಿ ಇರೋರಿಗೆ ಮಾತ್ರ ಹೋಗುತ್ತೆ, ಆಳು ಬದಲಾದ್ರೂ ರೂಲ್ ಮುಟ್ಟಬೇಕಿಲ್ಲ. ಮೆಸೇಜಲ್ಲಿ ಐಟಂ ಹೆಸರು, ಕೊನೇ ದಿನ ಎರಡೂ ಬರೋ ಹಂಗೆ ಸೇರಿಸಿ.

ಇದೇ ಥರ ಎರಡನೇದು ಕೊನೇ ದಿನಕ್ಕೆ 7 ದಿನ ಮುಂಚೆ, ಮೂರನೇದು ಅದೇ ದಿನ ಬೆಳಗ್ಗೆ, ಅದು ಓನರ್‌ಗೂ ಹೋಗ್ಲಿ. ಅಷ್ಟೇ, ಮೂರೇ ರೂಲ್, ಹತ್ತು ಸೈಟ್ ಬಂದ್ರೂ ಮೂರೇ. ಸ್ಟ್ಯಾಂಡರ್ಡ್ ಪ್ಲಾನಲ್ಲಿ ತಿಂಗಳಿಗೆ 250 ಆಕ್ಷನ್ ಸಿಗುತ್ತೆ, ಹತ್ತು ಸೈಟಿನ 50 ಡೇಟಿಗೆ ಮೂರ್ಮೂರು ರಿಮೈಂಡರ್ ಅಂದ್ರೆ ಎಲ್ಲ ಸೇರಿ 150, ಅದೂ ವರ್ಷಕ್ಕೆ ಹಂಚಿ ಬರೋದು.

ಪ್ರತಿ ತಿಂಗಳು ಬರೋವಕ್ಕೆ, ಅಂದ್ರೆ ಟಿಡಿಎಸ್ 7ನೇ ತಾರೀಖು, ಜಿಎಸ್‌ಟಿಆರ್-1 11, ಪಿಎಫ್ ಇಎಸ್‌ಐ 15, ಜಿಎಸ್‌ಟಿಆರ್-3ಬಿ 20 (ತಿಂಗಳು ತಿಂಗಳು ಫೈಲ್ ಮಾಡೋರಿಗೆ), ಇವಕ್ಕೆ "ಎವ್ರಿ ಟೈಮ್ ಪೀರಿಯಡ್" ಟ್ರಿಗರ್ ಹಾಕಿ ಎರಡ್ಮೂರು ದಿನ ಮುಂಚೆ ಅಕೌಂಟ್ಸ್ ಅವರಿಗೆ ನೋಟಿಫೈ ಮಾಡಿ. ಮಾರ್ಚ್ ತಿಂಗಳ ಟಿಡಿಎಸ್ಸಿಗೆ ಮಾತ್ರ ಏಪ್ರಿಲ್ 30 ಕೊನೇ ದಿನ.

ಸೆಟ್ ಮಾಡಿದ ದಿನಾನೇ ಟೆಸ್ಟ್ ಮಾಡಿ. ಒಂದು ಡಮ್ಮಿ ಐಟಂ ಹಾಕಿ ಕೊನೇ ದಿನ ಸರಿಯಾಗಿ 7 ದಿನ ಆದ್ಮೇಲೆ ಇಡಿ, ರೂಲಲ್ಲಿ ಟೈಮ್ ಸ್ವಲ್ಪ ಹೊತ್ತಲ್ಲೇ ಬರೋ ಹಂಗೆ ಬದಲಾಯಿಸಿ, ಫೋನಿಗೆ ಬರುತ್ತಾ ನೋಡಿ. ಬರದಿದ್ರೆ ಬಹಳ ಸಲ ತಪ್ಪು ರೂಲಲ್ಲಿ ಇರಲ್ಲ, ಆ ಮನುಷ್ಯ ತನ್ನ ಪ್ರೊಫೈಲಲ್ಲಿ ನೋಟಿಫಿಕೇಷನ್ ಆಫ್ ಮಾಡ್ಕೊಂಡಿರ್ತಾರೆ.

ಹಳೇ ಸೈಟಿನ ಡೇಟ್ ತುಂಬಿಸುವಾಗ ಒಂದು ಗಮನಿಸಿ, ಶುರು ದಿನ ಆಗ್ಲೇ ದಾಟಿದ್ರೆ ಆ ರಿಮೈಂಡರ್ ಹಿಂದಕ್ಕೆ ಹೋಗಿ ಬರಲ್ಲ, ಅಂಥವನ್ನ ಅವತ್ತೇ ಕೂತು ಫೋನ್ ಮಾಡಿ ಹೇಳ್ಬಿಡಿ. ಇನ್ನು ಬಿಜಿ ಎಕ್ಸ್‌ಟೆಂಡ್ ಆದ್ಮೇಲೆ ಅದೇ ಸಾಲಲ್ಲಿ ಡೇಟ್ ತಿದ್ದಬೇಡಿ, ಸ್ಟೇಟಸ್ ಡನ್ನಲ್ಲೇ ಉಳಿದಿದ್ರೆ ಮುಂದಿನ ವರ್ಷ ಒಂದು ರಿಮೈಂಡರ್ರೂ ಬರಲ್ಲ. ಹಳೇ ಸಾಲಿಗೆ ಎಕ್ಸ್‌ಟೆನ್ಷನ್ ಲೆಟರ್ ಸ್ಕ್ಯಾನ್ ಮಾಡಿ ಹಾಕಿ ಡನ್ ಮಾಡಿ, ಹೊಸ ಡೇಟಿಗೆ ಹೊಸ ಸಾಲು ತೆಗೀರಿ.