ಮಾರ್ಗಕ್ಕೆ ತಕ್ಕ ವಿಮಾನ: ತೋರಣಗಲ್ಲಿನಿಂದ ಒಂದು ಲೆಕ್ಕಾಚಾರ

ವಿಮಾನಯಾನ ಸಂಸ್ಥೆಯು ಯಾವ ಮಾದರಿಯ ವಿಮಾನ ಪಡೆಯಬೇಕೆಂದು ಯೋಚಿಸುವ ಮೊದಲು ಊರುಗಳ ನಡುವಿನ ದೂರ, ದಿನನಿತ್ಯದ ಪ್ರಯಾಣಿಕರ ಸಂಖ್ಯೆ ಮತ್ತು ಅವರು ಹೊರಡಬಯಸುವ ಹೊತ್ತು, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ಜಿಂದಾಲ್ ವಿದ್ಯಾನಗರ ನಿಲ್ದಾಣದಿಂದ ಆಕಾಶಮಾರ್ಗದಲ್ಲಿ ಬೆಂಗಳೂರು ಸುಮಾರು 250 ಕಿ.ಮೀ., ಹೈದರಾಬಾದು 300 ಕಿ.ಮೀ., ದೆಹಲಿ 1,500 ಕಿ.ಮೀ. ದೂರದಲ್ಲಿವೆ.

ಗಂಟೆಗೆ ಸುಮಾರು 500 ಕಿ.ಮೀ. ಹಾರುವ ಎಟಿಆರ್-72 ಟರ್ಬೊಪ್ರಾಪ್‌ಗೂ (ಎಂಜಿನ್ ತಿರುಗಿಸುವ ಪ್ರೊಪೆಲ್ಲರ್‌ನಿಂದ ಹಾರುವ ವಿಮಾನ) 800 ಕಿ.ಮೀ. ಹಾರುವ ಎಂಬ್ರೇರ್-175 ಜೆಟ್‌ಗೂ ಬೆಂಗಳೂರಿನ ಹಾದಿಯಲ್ಲಿ ಕಾಗದದ ಮೇಲೆ ಕಾಣುವ ಅಂತರ 11 ನಿಮಿಷ ಮಾತ್ರ. ಏರುವಾಗಲೂ ಇಳಿಯುವಾಗಲೂ ಜೆಟ್ ತನ್ನ ಪೂರ್ಣ ವೇಗದಲ್ಲಿ ಇರುವುದಿಲ್ಲವಾದ್ದರಿಂದ ಅದರಲ್ಲೂ ಒಂದಷ್ಟು ಕರಗಿಹೋಗುತ್ತದೆ. ಅಷ್ಟಕ್ಕಾಗಿ ಹೆಚ್ಚು ಇಂಧನ ಸುಡುವುದು ದುಬಾರಿಯ ಮಾತು. ದೆಹಲಿಗಾದರೋ ಮೂರು ಗಂಟೆಯ ಎಟಿಆರ್ ಪ್ರಯಾಣವನ್ನು ಯಾರೂ ಒಪ್ಪಲಾರರು.

ನನ್ನ ದೃಷ್ಟಿಯಲ್ಲಿ ಆಸನಗಳ ಸಂಖ್ಯೆಗಿಂತ ವೇಳಾಪಟ್ಟಿ ಮುಖ್ಯ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬರುವವರು ಬೆಳಿಗ್ಗೆ ಬಂದು ಸಂಜೆ ಮರಳಲು ಬಯಸುತ್ತಾರೆ. ದಿನಕ್ಕೊಮ್ಮೆ ನಡುಮಧ್ಯಾಹ್ನ 180 ಆಸನಗಳ ಏರ್‌ಬಸ್ ಎ320 ಹಾರಿಸಿದರೆ ಅವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲೇ ಮಲಗಿಕೊಂಡು ಬೆಂಗಳೂರು ಸೇರುತ್ತಾರೆ; ಸುಮಾರು 70 ಆಸನಗಳ ವಿಮಾನ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಹಾರಿದರೆ ಅದೇ ಜನ ವಿಮಾನ ಹತ್ತುತ್ತಾರೆ.

ಇನ್ನು ನಮ್ಮ ಬಿಸಿಲು. ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದ ಈ ನೆಲದಲ್ಲಿ ಮೇ ತಿಂಗಳ ಮಧ್ಯಾಹ್ನ ಉಷ್ಣತೆ 42 ಡಿಗ್ರಿ ಮುಟ್ಟಿದಾಗ, ಸಮುದ್ರಮಟ್ಟದ 15 ಡಿಗ್ರಿಯ ಪ್ರಮಾಣಿತ ಗಾಳಿಗೆ ಹೋಲಿಸಿದರೆ ಗಾಳಿಯ ಸಾಂದ್ರತೆ ಸುಮಾರು ಶೇ. 14ರಷ್ಟು ಕಡಿಮೆಯಿರುತ್ತದೆ. ಎಂಜಿನ್ನಿನ ಬಲವೂ ರೆಕ್ಕೆಯ ಎತ್ತುವ ಶಕ್ತಿಯೂ ಒಟ್ಟಿಗೇ ತಗ್ಗುವುದರಿಂದ ವಿಮಾನಕ್ಕೆ ಹೆಚ್ಚು ಉದ್ದದ ರನ್‌ವೇ ಬೇಕಾಗುತ್ತದೆ. ಅದು ಇಲ್ಲದಿದ್ದರೆ ಕೆಲವು ಆಸನಗಳನ್ನು ಖಾಲಿ ಬಿಟ್ಟು ಹೊರಡಬೇಕಾಗುತ್ತದೆ. ಆದುದರಿಂದ ತಯಾರಕರ ಬಳಿ ಚಳಿಗಾಲದ ಅಂಕಿಗಳನ್ನಲ್ಲ, ಮೇ ಮಧ್ಯಾಹ್ನದ ಅಂಕಿಗಳನ್ನೇ ಕೇಳಬೇಕು.

ನಿಲ್ದಾಣದ ಅಗ್ನಿಶಾಮಕ ದರ್ಜೆಯನ್ನೂ, ಅಂದರೆ ಬೆಂಕಿ ಆರಿಸಲು ಅಲ್ಲಿರುವ ವ್ಯವಸ್ಥೆಯ ಮಟ್ಟವನ್ನೂ ನೋಡಬೇಕು. ಯಾವ ದರ್ಜೆ ಬೇಕೆಂಬುದು ವಿಮಾನದ ಉದ್ದ ಮತ್ತು ಒಡಲಿನ ಅಗಲದ ಮೇಲೆ ನಿಲ್ಲುತ್ತದೆ: 27 ಮೀಟರ್ ಉದ್ದದ ಎಟಿಆರ್-72ಕ್ಕೆ ಐದನೆಯ ದರ್ಜೆ ಸಾಕು, 31 ಮೀಟರ್ ದಾಟುವ ಎಂಬ್ರೇರ್-175ಕ್ಕೆ ಆರನೆಯದು ಬೇಕು.

ಇಲ್ಲಿ ಎರಡೂ ಮಾದರಿಗಳು ಹಾರಿವೆ. 2017ರಲ್ಲಿ ಸಣ್ಣ ಊರುಗಳಿಗೂ ವಿಮಾನ ಸಂಪರ್ಕ ಒದಗಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಟ್ರೂಜೆಟ್ ಸಂಸ್ಥೆ ಹೈದರಾಬಾದಿಗೆ ಎಟಿಆರ್-72 ಓಡಿಸಿತು. ಆಮೇಲೆ ಸ್ಟಾರ್ ಏರ್ 76 ಆಸನಗಳ ಎಂಬ್ರೇರ್-175 ತಂದಿತು. ಬೆಂಗಳೂರಿಗೆ ಜೆಟ್ ಅತಿಯಾಯಿತೆಂದು ಮೇಲೆ ಹೇಳಿದ್ದು ಆ ಮಾರ್ಗವೊಂದನ್ನೇ ನೋಡಿದಾಗಿನ ಮಾತು. ಅದೇ ವಿಮಾನ ದಿನದ ಉಳಿದ ಹೊತ್ತು ದೂರದ ಊರುಗಳಿಗೆ ದುಡಿಯುವುದಾದರೆ ಲೆಕ್ಕ ಬೇರೆಯಾಗುತ್ತದೆ. ಹಾಗೆಂದು ಎರಡೂ ಮಾದರಿಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಪೈಲಟ್‌ಗಳ ಪರವಾನಗಿ, ಬಿಡಿಭಾಗ, ತಂತ್ರಜ್ಞರ ತರಬೇತಿ ಎಲ್ಲವೂ ಎರಡೆರಡಾಗುತ್ತವೆ, ಒಂದು ಮಾದರಿಯ ವಿಮಾನ ಕೆಟ್ಟು ನಿಂತರೆ ಅದರ ಪೈಲಟ್ ಇನ್ನೊಂದು ಮಾದರಿಯನ್ನು ಹಾರಿಸಲು ಒದಗುವುದಿಲ್ಲ. ಹತ್ತಕ್ಕಿಂತ ಕಡಿಮೆ ವಿಮಾನಗಳ ಸಂಸ್ಥೆ ಒಂದೇ ಮಾದರಿಗೆ ಅಂಟಿಕೊಂಡು, ಅದಕ್ಕೆ ಹೊಂದದ ಮಾರ್ಗಗಳನ್ನು ಕೈಬಿಡುವುದು ಲೇಸು.