ಹಿಂಬಡ್ತಿ ಪಡೆದ ಫುಟ್‌ಬಾಲ್ ತಂಡದ ಋತುವನ್ನು ಕಿರ್ದಿ–ಖತಾವಣಿ ಪದ್ಧತಿಯಲ್ಲಿ ಬರೆದಿಡುವುದು ಹೇಗೆ?

ಹುಬ್ಬಳ್ಳಿಯ ದುರ್ಗದಬೈಲಿನ ಹಳೆಯ ಅಂಗಡಿಕಾರರಿಗೆ ಎರಡು ಪುಸ್ತಕಗಳು ಚೆನ್ನಾಗಿ ಗೊತ್ತು. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆದಿಡುವುದು ಕಿರ್ದಿ. ಅದರಿಂದ ಒಂದೊಂದೇ ಬಾಬತ್ತನ್ನು ಹೆಕ್ಕಿ ಆಯಾ ಖಾತೆಗೆ ಏರಿಸುವುದು ಖತಾವಣಿ. ನಷ್ಟವಾದ ವರ್ಷ ಆ ನಷ್ಟ ಎಲ್ಲಿಂದ ಬಂತು ಎಂಬುದು ಕಿರ್ದಿಯ ಕೊನೆಯ ಪುಟದಲ್ಲಿ ಸಿಗುವುದಿಲ್ಲ, ಖತಾವಣಿ ತೆರೆದಾಗ ಸಿಗುತ್ತದೆ. ನಾನು ಅನೇಕ ವರ್ಷಗಳಿಂದ ಮನಸ್ಸಿಟ್ಟು ನೋಡುತ್ತ ಬಂದ ಫುಟ್‌ಬಾಲ್ ತಂಡವೊಂದು ಕೆಳಗಿನ ದರ್ಜೆಗೆ ಇಳಿದಾಗ, ಅದು ಯಾಕೆ ಇಳಿಯಿತು ಎಂಬುದನ್ನು ತಿಳಿಯಲು ನನಗೆ ನೆರವಾದದ್ದು ಇದೇ ಪದ್ಧತಿ. ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿರುವವರಿಗೂ, ನೆಹರೂ ಮೈದಾನದಲ್ಲಿ ಆಡುವ ತಂಡಗಳ ದಾಖಲೆ ಇಡುವ ಗೆಳೆಯರಿಗೂ ಉಪಯೋಗವಾದೀತೆಂದು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಉದಾಹರಣೆಗೆ ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡದ 2022–23ರ ಋತುವನ್ನು ತೆಗೆದುಕೊಳ್ಳೋಣ. 2015–16ರಲ್ಲಿ 81 ಅಂಕ ಗಳಿಸಿ ಪ್ರೀಮಿಯರ್ ಲೀಗ್ ಗೆದ್ದಿದ್ದ, 2021ರ ಮೇ ತಿಂಗಳಲ್ಲಿ ಚೆಲ್ಸಿಯನ್ನು 1–0 ಗೋಲಿನಿಂದ ಸೋಲಿಸಿ ಎಫ್‌ಎ ಕಪ್ ಎತ್ತಿದ್ದ ಈ ತಂಡ, ಅದಾಗಿ ಎರಡೇ ವರ್ಷಕ್ಕೆ 18ನೆಯ ಸ್ಥಾನದಲ್ಲಿ ನಿಂತು ಹಿಂಬಡ್ತಿ ಪಡೆಯಿತು. ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳಿದ್ದು, ಪ್ರತಿ ತಂಡಕ್ಕೆ 38 ಪಂದ್ಯಗಳಿರುತ್ತವೆ. ಗೆಲುವಿಗೆ 3 ಅಂಕ, ಡ್ರಾಗೆ 1 ಅಂಕ. ಕೊನೆಯ ಮೂರು ತಂಡಗಳು ಚಾಂಪಿಯನ್‌ಷಿಪ್ ಎಂಬ ಕೆಳಗಿನ ದರ್ಜೆಗೆ ಇಳಿಯುತ್ತವೆ. ಲೆಸ್ಟರ್ 34 ಅಂಕಗಳಲ್ಲಿ ನಿಂತಿತು. 36 ಅಂಕ ಪಡೆದ ಎವರ್ಟನ್ 17ನೆಯ ಸ್ಥಾನದಲ್ಲಿ ಉಳಿದುಕೊಂಡಿತು. ಈ ಎರಡು ಅಂಕಗಳು ಎಲ್ಲಿ ಕಳೆದುಹೋದವು ಎಂದು ಹುಡುಕುವುದೇ ನಮ್ಮ ಕೆಲಸ.

ಕಿರ್ದಿಯನ್ನು ಮೊದಲ ಪಂದ್ಯದ ದಿನ ಆರಂಭಿಸಿದರೆ ತಡವಾಗುತ್ತದೆ. ಮೇ ತಿಂಗಳಲ್ಲಿ ಹಿಂದಿನ ಋತು ಮುಗಿದ ಕೂಡಲೇ ಪುಟ ತೆರೆದು, ತಂಡ ಬಿಟ್ಟವರು ಯಾರು, ಬಂದವರು ಯಾರು, ಯಾರ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂಬ ಮೂರು ಸಂಗತಿಗಳನ್ನು ಬರೆದುಕೊಳ್ಳಿ. 2022ರ ಬೇಸಿಗೆಯ ಪುಟದಲ್ಲಿ, 2011ರಿಂದ ಗೋಲು ಕಾಯ್ದಿದ್ದ ಕ್ಯಾಸ್ಪರ್ ಷ್ಮೈಕೆಲ್ ಫ್ರಾನ್ಸಿನ ನೀಸ್ ತಂಡಕ್ಕೆ ಹೋದದ್ದು, ರಕ್ಷಣಾ ಆಟಗಾರ ವೆಸ್ಲಿ ಫೊಫಾನಾ ಚೆಲ್ಸಿಗೆ ಮಾರಾಟವಾದದ್ದು, ಅವರ ಜಾಗ ತುಂಬಲು ವೌಟ್ ಫಾಸ್ ಮತ್ತು ಒಬ್ಬ ಮೀಸಲು ಗೋಲ್‌ಕೀಪರ್ ಮಾತ್ರ ಬಂದದ್ದು ದಾಖಲಾಗಬೇಕು. ಯೂರಿ ಟೀಲೆಮಾನ್ಸ್ ಹೆಸರಿನ ಎದುರು ‘2023’ ಎಂದು ಬರೆದಿದ್ದರೆ, ಒಂದು ವರ್ಷದ ನಂತರ ಆ ಆಟಗಾರ ಒಂದು ಪೌಂಡೂ ತಾರದೆ ಹೊರಟುಹೋಗುವ ಸಾಧ್ಯತೆ ಅಂದೇ ಕಣ್ಣಿಗೆ ಬೀಳುತ್ತಿತ್ತು. ಬೀಜ, ಗೊಬ್ಬರದ ಲೆಕ್ಕವನ್ನು ಬಿತ್ತನೆಗೆ ಮೊದಲೇ ಬರೆದಿಡುವ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪ್ರತಿ ಪಂದ್ಯಕ್ಕೆ ಒಂದು ಪುಟ. ದಿನಾಂಕ, ಎದುರಾಳಿ, ತವರು ಅಂಗಳವೋ ಹೊರಗಿನದೋ, ಪ್ರತಿ ಗೋಲಿನ ನಿಮಿಷ, ಅರ್ಧವಿರಾಮದ ಸ್ಥಿತಿ, 75ನೆಯ ನಿಮಿಷದ ಸ್ಥಿತಿ, ಗೋಲು ಕಾಯ್ದವರ ಹೆಸರು, ಗಾಯಗೊಂಡವರು ಮತ್ತು ಆ ರಾತ್ರಿಯ ಅಂಕಪಟ್ಟಿಯಲ್ಲಿ ನಮ್ಮ ತಂಡದ ಹಾಗೂ ನಮ್ಮ ಮೇಲಿನ ಎರಡು ತಂಡಗಳ ಅಂಕಗಳು ಆ ಪುಟದಲ್ಲಿರಬೇಕು. ಕೊನೆಯಲ್ಲಿ ಎರಡು ಸಾಲು ನಿಮ್ಮ ಸ್ವಂತ ಅಭಿಪ್ರಾಯಕ್ಕೆ ಮೀಸಲಿರಲಿ, ಅದನ್ನು ನಂತರ ತಿದ್ದಬೇಡಿ. 75ನೆಯ ನಿಮಿಷದ ಸ್ಥಿತಿಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರ ಆಗಸ್ಟ್ 7ರ ಭಾನುವಾರ ಸಂಜೆ ಲೆಸ್ಟರ್ ತನ್ನ ಅಂಗಳದಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ 2–0ಯಿಂದ ಮುಂದಿದ್ದು, 86ನೆಯ ನಿಮಿಷದಲ್ಲಿ ಬಿದ್ದ ಗೋಲಿನಿಂದ 2–2ಕ್ಕೆ ತೃಪ್ತಿಪಡಬೇಕಾಯಿತು. ಆ ದಿನ ನನ್ನ ಪುಸ್ತಕದಲ್ಲಿ ‘2–2, ಮೊದಲ ಅಂಕ’ ಎಂದಷ್ಟೇ ಬರೆದಿದ್ದೆ. ಕೈಗೆ ಬಂದಿದ್ದ ಎರಡು ಅಂಕಗಳು ಜಾರಿಹೋದ ಸಂಗತಿ ಆ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಒಂಬತ್ತು ತಿಂಗಳ ನಂತರ ಅವೇ ಎರಡು ಅಂಕ ಕಡಿಮೆ ಬಿದ್ದಾಗ ನಾನು ಹಳೆಯ ವರದಿಗಳನ್ನು ಹುಡುಕಿ ಆ ಪುಟವನ್ನು ಮತ್ತೆ ಬರೆಯಬೇಕಾಯಿತು.

ಸಮಯವನ್ನು ಭಾರತೀಯ ಕಾಲಮಾನದಲ್ಲಿ ಬರೆಯುವವರು ದಿನಾಂಕದ ಬಗ್ಗೆ ಎಚ್ಚರ ವಹಿಸಬೇಕು. ಇಂಗ್ಲೆಂಡಿನಲ್ಲಿ ಸೋಮವಾರ ರಾತ್ರಿ ಎಂಟಕ್ಕೆ ಆರಂಭವಾಗುವ ಪಂದ್ಯ ಬೇಸಿಗೆಯಲ್ಲಿ ನಮಗೆ ಮಂಗಳವಾರ ನಸುಕಿನ 12.30ಕ್ಕೆ ಬರುತ್ತದೆ. ಪುಟದ ಮೇಲೆ ಆಟ ನಡೆದ ಊರಿನ ದಿನಾಂಕವೇ ಇರಲಿ.

ಋತು ಮುಗಿದ ಮೇಲೆ ಒಂದು ವಾರ ಪುಸ್ತಕ ಮುಚ್ಚಿಡಿ. ನೋವು ತುಸು ತಣ್ಣಗಾದ ನಂತರ ಖತಾವಣಿ ಆರಂಭಿಸಿ. ಮೊದಲು ತೆರೆಯಬೇಕಾದದ್ದು ‘ಬರಗಾಲದ ಖಾತೆ’. ಅಂಕಗಳು ಬಾರದೆ ಹೋದ ದಿನಗಳು ಎಲ್ಲೆಲ್ಲಿ ಒಟ್ಟಾಗಿ ಬಂದಿವೆ ಎಂಬುದನ್ನು ತೋರಿಸುವ ಖಾತೆ ಇದು. ಲೆಸ್ಟರಿನ 38 ಪುಟಗಳನ್ನು ಸಾಲಾಗಿ ನೋಡಿದರೆ ಎರಡು ಗುಂಡಿಗಳು ಎದ್ದು ಕಾಣುತ್ತವೆ. ಮೊದಲ ಏಳು ಪಂದ್ಯಗಳಲ್ಲಿ ತಂಡಕ್ಕೆ ಬಂದದ್ದು ಬ್ರೆಂಟ್‌ಫರ್ಡ್ ವಿರುದ್ಧದ ಆ ಒಂದೇ ಅಂಕ. ಆ ಡ್ರಾದ ನಂತರದ ಆರೂ ಸತತ ಸೋಲು, ಅವುಗಳಲ್ಲಿ ಬ್ರೈಟನ್ ವಿರುದ್ಧ 5–2, ಟಾಟನ್‌ಹ್ಯಾಮ್ ವಿರುದ್ಧ 6–2. ಎರಡನೆಯ ಗುಂಡಿ ಇನ್ನೂ ಆಳವಾದದ್ದು. 2023ರ ಫೆಬ್ರುವರಿ 11ರಂದು ಅದೇ ಟಾಟನ್‌ಹ್ಯಾಮನ್ನು 4–1ರಿಂದ ಸೋಲಿಸಿ 22 ಪಂದ್ಯಗಳಲ್ಲಿ 24 ಅಂಕ ಮಾಡಿಕೊಂಡಿದ್ದ ತಂಡ, ಮುಂದಿನ ಗೆಲುವಿಗಾಗಿ ಏಪ್ರಿಲ್ 22ರವರೆಗೆ ಕಾಯಿತು. ನಡುವಿನ ಒಂಬತ್ತು ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಅಂಕ. ಎರಡೂ ಸೇರಿ 16 ಪಂದ್ಯಗಳಿಗೆ 2 ಅಂಕ. ಹಾಗಾದರೆ ಉಳಿದ 22 ಪಂದ್ಯಗಳಲ್ಲಿ ಈ ತಂಡ 32 ಅಂಕ ಗಳಿಸಿದೆ ಎಂದಾಯಿತು. ಇಡೀ ಋತು ಆ ವೇಗದಲ್ಲಿ ಸಾಗಿದ್ದರೆ ಒಟ್ಟು 55ರ ಹತ್ತಿರ ಬರುತ್ತಿತ್ತು. ಈ ಲೆಕ್ಕ ಮಾಡಿದ ದಿನ ನನಗೆ ಆ ಆಟಗಾರರ ಬಗ್ಗೆ ಇದ್ದ ಸಿಟ್ಟು ಬಹುಪಾಲು ಇಳಿಯಿತು. ಅವರು ವರ್ಷವಿಡೀ ಕೆಟ್ಟದಾಗಿ ಆಡಿದವರಲ್ಲ, ಎರಡು ಸಲ ಬಿದ್ದು, ಎರಡು ಸಲವೂ ಬೇಗ ಏಳಲಾಗದೆ ಹೋದವರು.

ಎರಡನೆಯದು ‘ನೆರೆಹೊರೆಯ ಖಾತೆ’. ಅಂಕಪಟ್ಟಿಯ ತಳದಲ್ಲಿ ನಮ್ಮ ಜೊತೆಗೇ ಇರುವ ತಂಡಗಳ ವಿರುದ್ಧ ಆಡಿದ ಪಂದ್ಯಗಳನ್ನು ಇಲ್ಲಿಗೆ ಏರಿಸಬೇಕು, ಯಾಕೆಂದರೆ ಇಂಥ ಪಂದ್ಯದಲ್ಲಿ ನಮ್ಮ ಅಂಕ ಹೆಚ್ಚುವುದರ ಜೊತೆಗೆ ಅವರ ಅಂಕವೂ ತಪ್ಪುತ್ತದೆ. ಮೇ 1ರಂದು ಲೆಸ್ಟರ್ ತನ್ನ ಅಂಗಳದಲ್ಲಿ ಎವರ್ಟನ್ ವಿರುದ್ಧ ಆಡಿತು. ಹುಬ್ಬಳ್ಳಿಯಲ್ಲಿ ನಡುರಾತ್ರಿ ಕಳೆದಿತ್ತು, ಸೆಕೆಗೆ ಕಿಟಕಿ ತೆರೆದಿಟ್ಟು, ಮನೆಯವರ ನಿದ್ದೆ ಕೆಡದಂತೆ ಟಿ.ವಿ.ಯ ಧ್ವನಿ ತೆಗೆದು ಕುಳಿತಿದ್ದೆ. ಲೆಸ್ಟರ್ 2–1ರಿಂದ ಮುಂದಿದ್ದಾಗ, ಮೊದಲರ್ಧ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ಜೇಮ್ಸ್ ಮ್ಯಾಡಿಸನ್ ಚೆಂಡನ್ನು ಗೋಲಿನ ನಡುವಿಗೇ ಒದ್ದರು; ಎವರ್ಟನ್ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್ ಯಾವ ಕಡೆಗೂ ಹಾರದೆ ನಡುವೆಯೇ ನಿಂತು ಅದನ್ನು ತಡೆದರು. ಲೆಸ್ಟರಿನ ಯಾರು ಯಾವ ಕಡೆಗೆ ಒದೆಯುತ್ತಾರೆ ಎಂಬ ಪಟ್ಟಿ ಅವರ ನೀರಿನ ಬಾಟಲಿಯ ಮೇಲೆಯೇ ಇತ್ತು. ಪಂದ್ಯ 2–2ರಲ್ಲಿ ಮುಗಿಯಿತು. ಈಗ ಲೆಕ್ಕ ನೋಡಿ: ಅಂದು ಲೆಸ್ಟರ್ ಗೆದ್ದಿದ್ದರೆ ಋತುವಿನ ಕೊನೆಗೆ ಅದಕ್ಕೆ 36, ಎವರ್ಟನ್ನಿಗೆ 35 ಅಂಕಗಳಿರುತ್ತಿದ್ದವು.

ಇಲ್ಲಿ ಒಂದು ಕಟ್ಟುಪಾಡು ಹಾಕಿಕೊಳ್ಳುವುದು ಅವಶ್ಯ. ‘ಗೆದ್ದಿದ್ದರೆ’ ಎಂಬ ಲೆಕ್ಕವನ್ನು ಬರೆಯಬಹುದು, ಆದರೆ ‘ಆ ಪೆನಾಲ್ಟಿಯಿಂದಲೇ ತಂಡ ಇಳಿಯಿತು’ ಎಂದು ಬರೆಯಕೂಡದು. 3–1 ಆಗಿದ್ದರೂ ಇನ್ನೂ ಅರ್ಧ ಪಂದ್ಯ ಉಳಿದಿತ್ತು. ಅಲ್ಲದೆ ಲೆಸ್ಟರ್ 51 ಗೋಲು ಹೊಡೆದು 68 ಬಿಟ್ಟುಕೊಟ್ಟಿತ್ತು, ಎವರ್ಟನ್ 34 ಹೊಡೆದು 57 ಬಿಟ್ಟುಕೊಟ್ಟಿತ್ತು; ಗೋಲುಗಳ ವ್ಯತ್ಯಾಸ ಲೆಸ್ಟರಿಗೇ ಅನುಕೂಲವಾಗಿದ್ದುದರಿಂದ, ಅಂಕಗಳು ಸರಿಸಮವಾಗಿದ್ದರೆ ಸಾಕಿತ್ತು. ಎಂದರೆ ಆಗಸ್ಟಿನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಜಾರಿದ ಎರಡು ಅಂಕಗಳಿಗೂ ಮೇ ತಿಂಗಳ ಪೆನಾಲ್ಟಿಗೂ ಖತಾವಣಿಯಲ್ಲಿ ಒಂದೇ ಬೆಲೆ. ನೆನಪಿನಲ್ಲಿ ಮಾತ್ರ ಪೆನಾಲ್ಟಿ ದೊಡ್ಡದಾಗಿ ನಿಲ್ಲುತ್ತದೆ.

ಮೂರನೆಯ ಖಾತೆ ತರಬೇತುದಾರರದು. ಪತ್ರಿಕೆಗಳಲ್ಲಿ ‘ತರಬೇತುದಾರರ ಬದಲಾವಣೆ ಫಲ ಕೊಡಲಿಲ್ಲ’ ಎಂಬ ಒಂದೇ ವಾಕ್ಯ ಬರುತ್ತದೆ. ನೀವು ದಿನಾಂಕಗಳ ಪ್ರಕಾರ ಅಂಕಗಳನ್ನು ಹಂಚಿ ನೋಡಿ. ಬ್ರೆಂಡನ್ ರಾಜರ್ಸ್ ಏಪ್ರಿಲ್ 2ರಂದು ಹೊರನಡೆದಾಗ 28 ಪಂದ್ಯಗಳಿಗೆ 25 ಅಂಕಗಳಿದ್ದವು. ಡೀನ್ ಸ್ಮಿತ್ ನೇಮಕವಾದದ್ದು ಏಪ್ರಿಲ್ 10ರಂದು. ಅವರ ಎಂಟು ಪಂದ್ಯಗಳಲ್ಲಿ 9 ಅಂಕಗಳು ಬಂದವು, ಎಂದರೆ ಸರಾಸರಿ ಮೊದಲಿಗಿಂತ ಉತ್ತಮವಾಗಿಯೇ ಇತ್ತು. ನಡುವಿನ ಎಂಟು ದಿನಗಳಲ್ಲಿ ಕಾಯಂ ತರಬೇತುದಾರರಿಲ್ಲದೆ ಆಡಿದ ಎರಡು ಪಂದ್ಯಗಳು ಆಸ್ಟನ್ ವಿಲ್ಲಾ ಮತ್ತು ಬೋರ್ನ್‌ಮತ್ ವಿರುದ್ಧ, ಎರಡೂ ತವರಿನಲ್ಲಿ, ಎರಡರಲ್ಲಿಯೂ ಒಂದೇ ಗೋಲಿನ ಅಂತರದ ಸೋಲು. ಒಬ್ಬರನ್ನು ಕಳುಹಿಸುವ ಮೊದಲೇ ಇನ್ನೊಬ್ಬರನ್ನು ಗೊತ್ತುಮಾಡಿಕೊಳ್ಳದ ಆಡಳಿತದ ತಪ್ಪು ಇದೆಂಬುದು ನನ್ನ ಖಚಿತ ಅಭಿಪ್ರಾಯ.

‘40 ಅಂಕ ಬಂದರೆ ಬಚಾವ್’ ಎಂಬ ಮಾತನ್ನು ನಿಮ್ಮ ಪುಸ್ತಕದಲ್ಲಿ ಆಧಾರವಾಗಿ ಬಳಸಬೇಡಿ. 2002–03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಗಳಿಸಿಯೂ ಇಳಿಯಿತು. 2004–05ರಲ್ಲಿ ವೆಸ್ಟ್ ಬ್ರಾಮ್ವಿಚ್ 34 ಅಂಕಗಳಲ್ಲಿಯೇ ಉಳಿಯಿತು, ಲೆಸ್ಟರನ್ನು ಇಳಿಸಿದ್ದೂ ಅದೇ 34. ಆದ್ದರಿಂದ ಪ್ರತಿ ಪುಟದಲ್ಲಿ ನಮ್ಮ ಮೇಲಿನ ಎರಡು ತಂಡಗಳ ಅಂಕ ಬರೆಯಲು ಹೇಳಿದ್ದು. ಮೈದಾನದ ಹೊರಗೆ ಕಡಿತವಾದ ಅಂಕಗಳಿದ್ದರೆ ಅವಕ್ಕೆ ಬೇರೆಯೇ ಖಾತೆ ಇರಲಿ: 2023–24ರಲ್ಲಿ ಎವರ್ಟನ್ ಆಡಿ ಗಳಿಸಿದ್ದು 48 ಅಂಕ, ಹಣಕಾಸಿನ ನಿಯಮ ಮೀರಿದ್ದಕ್ಕೆ 8 ಅಂಕ ಕಡಿತವಾಗಿ ಪಟ್ಟಿಯಲ್ಲಿ ಉಳಿದದ್ದು 40.

ಹಣದ ಖಾತೆಯನ್ನು ಚಿಕ್ಕದಾಗಿಯಾದರೂ ಬರೆಯಲೇಬೇಕು. ಪ್ರೀಮಿಯರ್ ಲೀಗಿನಿಂದ ಇಳಿದ ತಂಡಕ್ಕೆ ‘ಪ್ಯಾರಾಚೂಟ್ ಪಾವತಿ’ ಎಂಬ ನೆರವಿದೆ; ಪ್ರಸಾರದ ಆದಾಯದಲ್ಲಿ ಎಲ್ಲರಿಗೂ ಸಮನಾಗಿ ಹಂಚುವ ಪಾಲಿನ ಶೇ 55ರಷ್ಟು ಮೊದಲ ವರ್ಷ, ಶೇ 45ರಷ್ಟು ಎರಡನೆಯ ವರ್ಷ, ಒಂದಕ್ಕಿಂತ ಹೆಚ್ಚು ಋತು ಮೇಲಿನ ದರ್ಜೆಯಲ್ಲಿದ್ದ ತಂಡಕ್ಕೆ ಮೂರನೆಯ ವರ್ಷ ಶೇ 20ರಷ್ಟು ಸಿಗುತ್ತದೆ. ನಮ್ಮ ದೇಶದ ತಂಡಗಳ ಬಗ್ಗೆ ಬರೆಯುವವರು ಅಂಥ ಆಸರೆಯನ್ನು ಊಹಿಸಿಕೊಳ್ಳಬಾರದು. 1996–97ರಲ್ಲಿ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ತಂಡ 2010–11ರಲ್ಲಿ, ಆಗ ದೇಶದ ಮೇಲಿನ ದರ್ಜೆಯಾಗಿದ್ದ ಐ-ಲೀಗಿನಿಂದ ಕೆಳಗಿಳಿದು, 2011ರಲ್ಲಿಯೇ ಮುಚ್ಚಿಹೋಯಿತು. ಮರು ವರ್ಷ, 2011–12ರಲ್ಲಿ, ಬೆಂಗಳೂರಿನ ಎಚ್‌ಎಎಲ್ ತಂಡವೂ ಐ-ಲೀಗಿನಿಂದ ಇಳಿಯಿತು. ಇಲ್ಲಿ ಹಿಂಬಡ್ತಿಯ ಪುಟವೇ ಕೆಲವೊಮ್ಮೆ ತಂಡದ ಕೊನೆಯ ಪುಟವಾಗುತ್ತದೆ. ಅದಕ್ಕೇ ಅದನ್ನು ಇನ್ನಷ್ಟು ಜೋಪಾನವಾಗಿ ಬರೆಯಬೇಕು.

ಕೊನೆಯ ದಿನದ ಪುಟಕ್ಕೆ ಎರಡು ಅಂಕಣ ಹಾಕಿಕೊಳ್ಳಿ, ಯಾಕೆಂದರೆ ಅಂದಿನ ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ ಆರಂಭವಾಗುತ್ತವೆ. 2023ರ ಮೇ 28ರ ರಾತ್ರಿ 9ಕ್ಕೆ ನಾನು ಎಡ ಅಂಕಣದಲ್ಲಿ ಲೆಸ್ಟರ್–ವೆಸ್ಟ್ ಹ್ಯಾಮ್, ಬಲ ಅಂಕಣದಲ್ಲಿ ಎವರ್ಟನ್–ಬೋರ್ನ್‌ಮತ್ ಎಂದು ಬರೆದುಕೊಂಡು ಕುಳಿತೆ. ಲೆಸ್ಟರ್ 2–1ರಿಂದ ಗೆದ್ದಿತು. ಬಲ ಅಂಕಣದಲ್ಲಿ ಒಂದೇ ಗೋಲು, ಎವರ್ಟನ್ನಿನ ದುಕೂರೆ ಹೊಡೆದದ್ದು, ಅದು ಸಾಕಾಯಿತು.

ಭಾಷೆಯ ಬಗ್ಗೆಯೂ ಒಂದು ಮಾತು. ‘ಹೀನಾಯ’, ‘ನಾಚಿಕೆಗೇಡು’ ಎಂಬ ಪದಗಳನ್ನು ಬಳಸುವ ಮುನ್ನ, ಆ ಜಾಗದಲ್ಲಿ ಒಂದು ಅಂಕಿಯನ್ನು ಇಟ್ಟು ನೋಡಿ. ಹೆಚ್ಚಿನ ಸಲ ಅಂಕಿಯೇ ಸಾಕಾಗುತ್ತದೆ. ನಮ್ಮ ಊರುಗಳ ತಂಡಗಳ ಬಗ್ಗೆ ಬರೆಯುವಾಗ ಇನ್ನಷ್ಟು ಮೃದುವಾಗಿರಬೇಕು. ಹದಿನೇಳರ ಹುಡುಗನೊಬ್ಬ ಪೆನಾಲ್ಟಿ ತಪ್ಪಿಸಿದರೆ ಕಿರ್ದಿಯಲ್ಲಿ ಅವನ ಜರ್ಸಿಯ ಸಂಖ್ಯೆ ಇರಲಿ, ಪ್ರಕಟಿಸುವ ಬರಹದಲ್ಲಿ ಅದೂ ಬೇಡ.

ಕೊನೆಗೆ ಖಾತೆಗಳನ್ನು ಮುಗಿಸಿ, ಮುಂದಿನ ಸಾಲಿಗೆ ಒಯ್ಯುವ ಶಿಲ್ಕನ್ನು ಬರೆಯಿರಿ: ಉಳಿದ ಆಟಗಾರರು, ಮಾರಾಟವಾದವರು, ಹೊಸ ತರಬೇತುದಾರ. ನನ್ನ ಪುಸ್ತಕದಲ್ಲಿ ಆ ಪುಟದ ಮೇಲೆ ಮ್ಯಾಡಿಸನ್ ಟಾಟನ್‌ಹ್ಯಾಮಿಗೆ, ಹಾರ್ವಿ ಬಾರ್ನ್ಸ್ ನ್ಯೂಕ್ಯಾಸಲ್‌ಗೆ, ಟೀಲೆಮಾನ್ಸ್ ಹಣವಿಲ್ಲದೆ ಆಸ್ಟನ್ ವಿಲ್ಲಾಗೆ, ಹೊಸ ತರಬೇತುದಾರ ಎಂಜೊ ಮರೆಸ್ಕಾ ಎಂದಿದೆ. ಅದರ ಕೆಳಗೆ 2023–24ರಲ್ಲಿ ಚಾಂಪಿಯನ್‌ಷಿಪ್ ಗೆದ್ದ 97 ಅಂಕಗಳನ್ನೂ, ಮರಳಿ ಮೇಲೇರಿ 2024–25ರಲ್ಲಿ 25 ಅಂಕಗಳಿಗೆ ಮತ್ತೆ ಇಳಿದುದನ್ನೂ ಏರಿಸಿದ್ದೇನೆ. ಪುಸ್ತಕ ಕಟ್ಟಿಸುವಾಗ 38 ಪುಟಗಳ ಹಿಂದೆ ಕನಿಷ್ಠ ಹತ್ತು ಪುಟ ಖಾಲಿ ಬಿಡಲು ಹೇಳಿ.